ಹೆಸರಿಲ್ಲದ ಗೆಳೆಯನ ಕೇಸು

ನಾನು ಓದಿದ್ದು ಮೈಸೂರಿನ ಒಂದು ಉಚಿತ ಹಾಸ್ಟೆಲಿನಲ್ಲಿದ್ದುಕೊಂಡು. ಬೆಳಗಿನ ಜಾವ ಗಂಟೆ ಹೊಡೆದರೆ ಏಳಬೇಕು. ತಣ್ಣೀರಿನ ಸ್ನಾನ, ಆಮೇಲೆ ಪ್ರಾರ್ಥನೆ. ಉಂಡ ತಟ್ಟೆಯನ್ನು ಅವರವರೇ ತೊಳೆಯಬೇಕು. ನನಗೆ ಆ ಶಿಸ್ತು ಹಿಡಿಸಿತು. ಸಿಡ್ನಿಗೆ ಬಂದು ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅದನ್ನು ಬಿಡಲಿಲ್ಲ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವನು ಮುಂದೆ ಎಂಜಿನಿಯರ್ ಆಗಿ ಮೆಲ್ಬರ್ನ್ ಸೇರಿದ. ಅವನಿಗೆ ಶಿಸ್ತು ಎಂದೂ ಹಿಡಿಸಲಿಲ್ಲ. ಗಂಟೆ ಹೊಡೆದಾಗ ಅವನ ಕಂಬಳಿ ಎಳೆಯುವುದು ನನ್ನ ಪಾಲಿನ ಕೆಲಸವಾಗಿತ್ತು.

ತೊಂಬತ್ತರ ದಶಕದ ನಡುವೆ, ಒಂದು ಚಳಿಗಾಲದಲ್ಲಿ ಅವನ ಫೋನ್ ಬಂತು.

"ಈ ಶನಿವಾರ ಬರ್ತೀಯೇನೋ?"

"ಏನು ವಿಶೇಷ?"

"ಬಾ ಮಾರಾಯ. ಫೋನಲ್ಲಿ ಹೇಳೋ ಅಂಥದ್ದಲ್ಲ."

ಹೋದೆ. ಏರ್‌ಪೋರ್ಟಿನಿಂದ ಕ್ರಾನ್‌ಬರ್ನ್‌ನ ಅವನ ಮನೆವರೆಗೂ ಅವನು ಹವಾಮಾನದ ಬಗ್ಗೆಯೇ ಮಾತಾಡಿದ. ಮನೆ ಮುಂದೆ ಕಾರು ನಿಲ್ಲಿಸಿ ಎಂಜಿನ್ ಆರಿಸಿದ ಮೇಲೆ, ಸ್ಟಿಯರಿಂಗ್ ಬಿಡದೆಯೇ ವಿಷಯ ಹೇಳಿದ.

ಅವನ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳು. ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದಳು. ಯೂನಿವರ್ಸಿಟಿ ಹತ್ತಿರ ಗೆಳತಿಯರ ಜೊತೆ ಮನೆ ಮಾಡಿಕೊಂಡು, ಭಾನುವಾರ ಮಾತ್ರ ಊಟಕ್ಕೆ ಬರುತ್ತಿದ್ದಳು. ಒಂದು ಸಂಜೆ ಕೆಲಸ ಮುಗಿಸಿದವನು ಮನೆಗೆ ತಿರುಗುವ ಬದಲು, ಗಿರಾಕಿಗಳಿಗಾಗಿ ಹೆಂಗಸರು ಬೀದಿಯಲ್ಲಿ ನಿಲ್ಲುವ ಸೇಂಟ್ ಕಿಲ್ಡಾ ಕಡೆ ಕಾರು ತಿರುಗಿಸಿದ್ದ. ಬೀದಿಯ ಮೂಲೆಯಲ್ಲಿ ಜಾಕೆಟ್ ಹಾಕಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಕಾರು ನಿಲ್ಲಿಸಿ ಮಾತಾಡಿದ, ವ್ಯವಹಾರ ಕುದುರಿಸಿದ. ಪಕ್ಕದ ಓಣಿಗೆ ಬನ್ನಿ ಎಂದಳು. ಓಣಿಯಲ್ಲಿ ಇಬ್ಬರು ಪೊಲೀಸರು ಕಾಯುತ್ತಿದ್ದರು. ಆಕೆಯೂ ಪೊಲೀಸ್. ಆ ಬೀದಿಗಳ ನಿವಾಸಿಗಳು ದೂರು ಕೊಟ್ಟಾಗಲೆಲ್ಲ ಹೀಗೆ ಮಹಿಳಾ ಪೊಲೀಸರನ್ನು ಸಾದಾ ಉಡುಪಿನಲ್ಲಿ ನಿಲ್ಲಿಸಿ, ಹೆಣ್ಣನ್ನು ಹುಡುಕಿಕೊಂಡು ಬರುವ ಗಂಡಸರನ್ನು ಹಿಡಿಯುತ್ತಿದ್ದರು. ಪೊಲೀಸರು ಮರ್ಯಾದೆಯಿಂದಲೇ ಮಾತಾಡಿ ವಿಳಾಸ ಬರೆದುಕೊಂಡು ಕಳಿಸಿದ್ದರು. ಆಮೇಲೆ ಕೋರ್ಟಿನ ಸಮನ್ಸ್ ಬಂದಿತ್ತು.

"ಊಟ ಮಾಡಿದ್ದೀಯಾ?" ಎಂದು ಕೇಳಿದೆ. ಮಾಡಿರಲಿಲ್ಲ. ಒಳಗೆ ಹೋಗಿ ಅನ್ನಕ್ಕಿಟ್ಟೆ.

ಅವನು ಒಬ್ಬ ವಕೀಲರನ್ನು ಕಂಡಿದ್ದ. ಪೊಲೀಸರೇ ಬಲೆ ಬೀಸಿ ನನ್ನನ್ನು ಕೆಡವಿದರು, ಆಕೆಯೇ ಮೊದಲು ಕರೆದಳು ಎಂದು ನೀವು ಹೇಳುವುದಾದರೆ ವಾದ ಮಾಡಿ ನೋಡಬಹುದು ಎಂದಿದ್ದರಂತೆ.

"ಆ ವಾದ ನಿಲ್ಲುತ್ತಾ ಅಂತ ಮಗಳನ್ನ ಕೇಳೋಣ ಅಂತಿದ್ದೀನಿ," ಎಂದ.

"ಮಗಳನ್ನಾ? ತಲೆ ಕೆಟ್ಟಿದೆಯಾ ನಿನಗೆ?"

"ನನ್ನ ವಿಷಯ ಅಂತಲ್ಲ. ನೀನು ಕೇಳು. ನಿನ್ನ ಫ್ರೆಂಡ್ ಒಬ್ಬನ ಕೇಸು ಅಂತ."

"ನನಗೆ ಅಂಥ ಫ್ರೆಂಡ್ ಎಲ್ಲಿದ್ದಾನೋ?"

"ಇಲ್ಲೇ ಕೂತು ನೀನು ಮಾಡಿದ ಅನ್ನ ತಿಂತಿದ್ದಾನೆ."

ನಕ್ಕುಬಿಟ್ಟೆ. ಅವನು ನಗಲಿಲ್ಲ. "ಅವಳು ಮುಖ ತಿರುಗಿಸಿದ್ರೆ ನನಗೆ ಇನ್ನೇನೂ ಉಳಿಯಲ್ಲ ಕಣೋ," ಎಂದು ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟ.

ಮರುದಿನ ಮಗಳು ಬಂದಳು. ಏಳು ವರ್ಷದವಳಿದ್ದಾಗ ಈ ದೇಶಕ್ಕೆ ಬಂದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅಂದು ನನಗೋಸ್ಕರ ಎರಡನ್ನೂ ಬೆರೆಸಿ ಮಾತಾಡುತ್ತಿದ್ದಳು.

"ಏನ್ ಅಂಕಲ್, ಸಡನ್ನಾಗಿ ಮೆಲ್ಬರ್ನ್ ನೆನಪಾಯ್ತಾ?"

ಅವಳಪ್ಪ ಒಲೆಯ ಕಡೆ ಮುಖ ಮಾಡಿ ಹುಳಿ ಕಲಕುತ್ತ ನಿಂತಿದ್ದ. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ನನಗಿಲ್ಲ. ಸಿಡ್ನಿಯ ಗೆಳೆಯನೊಬ್ಬನ ಕೇಸು ಎಂದು ಸಂಗತಿಯನ್ನು ಆಫೀಸಿನ ವರದಿಯ ಹಾಗೆ ಒಂದಾದ ಮೇಲೊಂದು ಒಪ್ಪಿಸಿದೆ. ಅವಳು ಮೇಜಿಗೆ ಜೋಡಿಸುತ್ತಿದ್ದ ಚಮಚ ಕೆಳಗಿಟ್ಟು ಕೇಳಿಸಿಕೊಂಡಳು.

"ಸಿಡ್ನಿ ಫ್ರೆಂಡ್‌ಗೆ ಸೇಂಟ್ ಕಿಲ್ಡಾದಲ್ಲಿ ಏನು ಕೆಲಸ?"

"ಮೀಟಿಂಗಿಗೆ ಬಂದಿದ್ದ," ಎಂದೆ. ಕಿವಿ ಬಿಸಿಯಾಯಿತು.

"ಓಕೆ," ಎಂದವಳು ಪಾಠ ಒಪ್ಪಿಸುವವಳಂತೆ ನೆಟ್ಟಗೆ ಕೂತಳು. "ಅಮೆರಿಕದಲ್ಲಿ ಎಂಟ್ರಾಪ್‌ಮೆಂಟ್ ಅಂತ ಒಂದು ಡಿಫೆನ್ಸ್ ಇದೆ. ಪೊಲೀಸರೇ ಆಸೆ ಹುಟ್ಟಿಸಿ ತಪ್ಪು ಮಾಡಿಸಿದ್ರು ಅಂತ ತೋರಿಸಿದ್ರೆ ಬಿಟ್ಟುಬಿಡ್ತಾರೆ. ಇಲ್ಲಿ ಅದಿಲ್ಲ. ಈಚೆಗೆ ಹೈಕೋರ್ಟೇ ಹೇಳಿದೆ, ಅಂದ್ರೆ ಈ ದೇಶದ ದೊಡ್ಡ ಕೋರ್ಟು. ಪೊಲೀಸರೇ ಕಾನೂನು ಮುರಿದು ಅಪರಾಧ ಮಾಡಿಸಿದ್ರೆ ಮಾತ್ರ, ಆ ಸಾಕ್ಷ್ಯ ಬೇಡ ಅಂತ ಜಡ್ಜ್ ಪಕ್ಕಕ್ಕಿಡಬಹುದು. ಸುಮ್ಮನೆ ಮೂಲೇಲಿ ನಿಂತಿದ್ರು ಅನ್ನೋದಕ್ಕೆ ಅಷ್ಟು ಮಾಡಲ್ಲ. ಆಕೆ ಏನು ಮಾಡಿದ್ರು? ಕಾರಿಗೆ ಅಡ್ಡ ಬಂದ್ರಾ? ಬೇಡ ಅಂದ್ರೂ ಹಿಂದೆ ಬಿದ್ರಾ?"

ಅದು ನನಗೆ ಗೊತ್ತಿರಲಿಲ್ಲ. ಒಲೆಯ ಕಡೆ ನೋಡಿದೆ.

"ಇಲ್ಲ," ಎಂದ ಅವನು, ತಿರುಗದೆ. "ಆಕೆ ಕತ್ತೆತ್ತಿ ನೋಡಲೂ ಇಲ್ಲ. ಕಾರಿನ ಗ್ಲಾಸ್ ಇಳಿಸಿದ್ದು ಅವನೇ."

"ಮೊದಲು ಏನಂದ್ರು?"

"ಚಳಿ ಆಗಲ್ವಾ ಅಂತ ಕೇಳಿದ."

ಹುಳಿ ಕುದಿಯುತ್ತಿತ್ತು. ಅವಳು ಅಪ್ಪನ ಬೆನ್ನನ್ನು ಬಹಳ ಹೊತ್ತು ನೋಡಿದಳು. ಅಲ್ಲಿಂದ ಮುಂದೆ ಅವಳು ಕೇಳಿದ ಪ್ರಶ್ನೆಗಳೆಲ್ಲ ಆ ಬೆನ್ನಿಗೇ.

"ಈ ಊರಲ್ಲಿ ಇದಕ್ಕೆ ಅಂತಾನೇ ಲೈಸೆನ್ಸ್ ಇರೋ ಮನೆಗಳಿವೆ, ಅಲ್ಲಿಗೆ ಹೋಗಿದ್ರೆ ಕೇಸೇ ಆಗ್ತಿರಲಿಲ್ಲ. ಯಾಕೆ ಹೋಗಲಿಲ್ಲ?"

"ಬೆಲ್ ಒತ್ತಬೇಕಲ್ಲ. ಒಳಗೆ ದೀಪ ಇರುತ್ತೆ. ಮುಖ ನೋಡ್ತಾರೆ."

"ಹ್ಞೂಂ." ಅವಳ ದನಿ ತಗ್ಗಿತು. "ಆಕೆ ಕರೆದ್ರು ಅಂತ ಕೋರ್ಟಲ್ಲಿ ಹೇಳೋದು ಸುಳ್ಳಾಗುತ್ತೆ. ಆಕೆಗೂ ಅಲ್ಲಿ ಚಳೀಲಿ ನಿಲ್ಲೋದೇ ಡ್ಯೂಟಿ. ಆಕೆ ಮೇಲೆ ಹಾಕೋದು ಬೇಡ. ಒಪ್ಪಿಕೊಳ್ಳಲಿ. ಫಸ್ಟ್ ಟೈಮ್ ಆದ್ರೆ ಅಪರಾಧಿ ಅಂತ ದಾಖಲು ಮಾಡದೇನೇ ಬಿಡೋದೂ ಉಂಟು."

"ಅವನಿಗೆ ಕೋರ್ಟಿನ ಹೆದರಿಕೆ ಇಲ್ಲ," ಎಂದ ಗೆಳೆಯ. "ಮಕ್ಕಳಿಗೆ ಗೊತ್ತಾದ್ರೆ ಅಂತ."

ಅವಳು ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅತ್ತಿತ್ತ ಸರಿಸಿದಳು. ಮಾತಾಡಿದಾಗ ಪೂರ್ತಿ ಕನ್ನಡದಲ್ಲಿ ಮಾತಾಡಿದಳು.

"ಬೇಜಾರಾಗುತ್ತೆ. ಸಿಟ್ಟೂ ಬರುತ್ತೆ. ಅಮ್ಮ ನೆನಪಾಗ್ತಾಳೆ. ಸ್ವಲ್ಪ ದಿನ ಮಾತು ಬರಲ್ಲ. ಆಮೇಲೆ ಊಟಕ್ಕೆ ಬರ್ತಾರೆ."

"ಬಂದೇ ಬರ್ತಾರಾ?"

"ಅದು ಕಾನೂನಿನ ಪ್ರಶ್ನೆ ಅಲ್ಲ."

ಹುಳಿ ವಿಪರೀತ ಖಾರವಾಗಿತ್ತು. ಮೂವರೂ ನೀರು ಕುಡಿಯುತ್ತ ಉಂಡೆವು. ಹೊರಡುವಾಗ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ನನಗೆ ಹೇಳಿದಳು:

"ಅಂಕಲ್, ನಿಮ್ಮ ಫ್ರೆಂಡ್‌ಗೆ ಗ್ರೇ ಸೂಟ್ ಹಾಕಿಕೊಳ್ಳೋಕೆ ಹೇಳಿ. ನೀಲಿದು ಕಾಲರ್ ಹತ್ರ ಸವೆದುಹೋಗಿದೆ."

ಅವಳ ಹಿಂದೆ ಗೇಟು ಮುಚ್ಚಿತು. ಗೆಳೆಯ ಅಡುಗೆಮನೆಯಲ್ಲೇ ಕುರ್ಚಿ ಎಳೆದುಕೊಂಡು ಕುಳಿತ. ನಾನು ಪಾತ್ರೆ ತೊಳೆದೆ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಪರೀಕ್ಷೆ ಇದೆ ಎಂದು ಆನ್ಸರಿಂಗ್ ಮಷೀನಿನಲ್ಲಿ ಮೆಸೇಜ್ ಬಿಟ್ಟಿದ್ದಳಂತೆ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. "ಇವತ್ತೂ ಇಲ್ಲ," ಎನ್ನುತ್ತಿದ್ದ, ಅಷ್ಟೇ. ಏನಾದರೂ ಬೇಯಿಸಿಕೋ, ಬೆಳಗ್ಗೆ ಹೊತ್ತಿಗೆ ಸರಿಯಾಗಿ ಏಳು, ನಡೆದು ಬಾ ಎನ್ನುತ್ತಿದ್ದೆ. ನನಗೆ ಗೊತ್ತಿದ್ದ ಔಷಧ ಅದೊಂದೇ. ಅವನು ಪಾಲಿಸುತ್ತಿದ್ದ. ಹಾಸ್ಟೆಲಿನಲ್ಲಿ ಎಂದೂ ಪಾಲಿಸಿದವನಲ್ಲ.

ಕೋರ್ಟಿನ ದಿನಕ್ಕೆ ಮತ್ತೆ ಹೋದೆ. ಬೆಳಿಗ್ಗೆ ಅವನನ್ನು ಎಬ್ಬಿಸಲು ಹೋದರೆ ಆಗಲೇ ಎದ್ದು ಕೂತಿದ್ದ. ಉಪ್ಪಿಟ್ಟು ಮಾಡಿ ಬಲವಂತವಾಗಿ ತಿನ್ನಿಸಿದೆ, ಅವನ ಶೂಗೆ ಪಾಲಿಶ್ ಹಾಕಿದೆ. ಅವನು ಗ್ರೇ ಸೂಟ್ ಹಾಕಿಕೊಂಡ.

ಕೋರ್ಟಿನಲ್ಲಿ ಅವನು ತಪ್ಪೊಪ್ಪಿಕೊಂಡ. ಸರ್ಕಾರದ ಕಡೆಯವರು ನಡೆದದ್ದನ್ನು ಓದಿ ಹೇಳಿದರು. 'ಆರೋಪಿ ಮೊದಲು, ನಿಮಗೆ ಚಳಿಯಾಗುವುದಿಲ್ಲವೇ ಎಂದು ಕೇಳಿದರು' ಎಂಬಲ್ಲಿ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗೆಳೆಯನ ಕುತ್ತಿಗೆ ಕೆಂಪಾಯಿತು. ಅವನು ತಲೆ ತಗ್ಗಿಸಲಿಲ್ಲ. ಮ್ಯಾಜಿಸ್ಟ್ರೇಟ್ ಅವನನ್ನು ಅಪರಾಧಿ ಎಂದು ದಾಖಲಿಸಲಿಲ್ಲ. ಒಂದು ವರ್ಷ ಸನ್ನಡತೆಯಿಂದ ಇರಬೇಕೆಂದು ಬರೆಸಿಕೊಂಡು ಬಿಟ್ಟರು.

ಹೊರಡಲು ತಿರುಗಿದೆವು. ಹಿಂದೆ, ನಕ್ಕವನ ಪಕ್ಕದಲ್ಲೇ, ಕಪ್ಪು ಕೋಟಿನಲ್ಲಿ ಮಗಳು ಕುಳಿತಿದ್ದಳು. ತಾರೀಖನ್ನು ನಾವು ಅವಳಿಗೆ ಹೇಳಿರಲಿಲ್ಲ. ಕೋರ್ಟಿನ ಕೇಸುಗಳ ಪಟ್ಟಿ ನೋಡಲು ಗೊತ್ತಿರುವವಳಿಗೆ ಹೇಳಬೇಕಾಗಿಯೂ ಇರಲಿಲ್ಲ. ಕಣ್ಣುಗಳು ಊದಿಕೊಂಡಿದ್ದವು.

ಹೊರಗೆ ಮೆಟ್ಟಿಲ ಮೇಲೆ ಗಾಳಿ ಜೋರಾಗಿತ್ತು. ಅಪ್ಪ ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು.

"ಇವತ್ತು ಬೇಡಪ್ಪ. ನನಗೆ ಇನ್ನೂ ಸಿಟ್ಟಿದೆ."

"ಸರಿ," ಎಂದ.

ಅವಳು ಅವನ ಟೈ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. ಬೆಳಿಗ್ಗೆ ನಾನೇ ಕಟ್ಟಿದ್ದೆ. ಎರಡು ಮೆಟ್ಟಿಲು ಇಳಿದವಳು ನಿಂತು ತಿರುಗಿದಳು.

"ಭಾನುವಾರ ಹುಳಿಗೆ ಖಾರ ಕಡಿಮೆ ಹಾಕು. ಹೋದ ಸಲ ತಿನ್ನೋಕಾಗಲಿಲ್ಲ."