ಎಡಗಾಲಿನ ಕೆಲಸ ತಪ್ಪಿಸಿದ ಅಲ್ಲಾಬಕ್ಷ ಮಿಸ್ತ್ರಿ

ಶಹಾಪುರದ ಹೊರಗೆ, ಸುರಪುರ ರಸ್ತೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹಳೆಯ ಪಿಕಪ್ ಗಾಡಿಯೊಂದರ ಕೆಳಗಿನಿಂದ ಕೂಗು ಬರುತ್ತದೆ: "ಎಲ್ಲಾರೂ ಹಿಂದ ಹತ್ತಿ ಕುಂದರ್ರಿ! ಚಾ ಅಲ್ಲೇ ಕುಡೀರಿ!"

ಪಕ್ಕದ ಚಹಾದಂಗಡಿಯ ಗಿರಾಕಿಗಳು ಕಪ್ಪು ಹಿಡಿದೇ ಗಾಡಿ ಹತ್ತುತ್ತಾರೆ. ಸ್ಪ್ರಿಂಗು ಕಿರುಗುಟ್ಟಿ ತಗ್ಗುತ್ತದೆ. ಕೆಳಗೆ ಮಲಗಿದ ಅಲ್ಲಾಬಕ್ಷ ಮಿಸ್ತ್ರಿ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿನವರೆಗೆ ಜೋಳದ ದಂಟು ಹಿಡಿದು ಉಗುರಿನಿಂದ ಗುರುತು ಹಾಕುತ್ತಾರೆ. ಹಿಂದಿನ ಚಕ್ರ ತಿರುಗಿಸುವ ನಡುವಿನ ಶಾಫ್ಟನ್ನು ಆ ಅಳತೆಗೇ ಕೊಯ್ಯಬೇಕು.

"ಖಾಲಿ ಗಾಡಿ ಅಳದು ಕೊಯ್ದ್ರ, ಲೋಡ್ ಹಾಕಿದ ದಿನ ಶಾಫ್ಟ್ ಹೋಗಿ ಗೇರ್‌ಬಾಕ್ಸಿಗಿ ಗುದ್ದತದ್ರಿ. ಗಾಡಿ ಇರೋದೇ ಲೋಡ್ ಹೊರಾಕ."

ಗಾಡಿ ಸುರಪುರದ ಬಸವಂತ್ರಾಯರದು. ಹಳ್ಳಿಗಳ ಕಾಯಿಪಲ್ಲೆ ಹೇರಿಕೊಂಡು ಸಂತೆಗೆ ಒಯ್ಯುವುದೇ ಅವರ ಬದುಕು. ಹೋದ ವರ್ಷ ಜಾರಿ ಬಿದ್ದರು. ಎಡ ಮೊಣಕಾಲು ಈಗ ಬಾಗುವುದಿಲ್ಲ, ಕ್ಲಚ್ ಒತ್ತಲಾಗುವುದಿಲ್ಲ. ಗಾಡಿ ಗುಜರಿಗೆ ಹಾಕಿ ಮನೆಯಲ್ಲಿ ಕೂಡು ಎಂದರು ಕಂಡಕಂಡವರು. ಹೇಳುವವರ ಗಂಟೇನು ಹೋಗುತ್ತದೆ? ಮನುಷ್ಯನೇನು ಗುಜರಿ ಸಾಮಾನೇ? ಅಲ್ಲಾಬಕ್ಷ ಒಬ್ಬರೇ ಬೇರೆ ಮಾತು ಕೇಳಿದರು: "ಬಲಗಾಲು ಬರೋಬ್ಬರಿ ಅದ ಇಲ್ರಿ ಅಣ್ಣಾ?"

ಆರ್‌ಟಿಒ ಒಪ್ಪಿಗೆ ಪಡೆದು, ಹೈದರಾಬಾದಿನ ಗುಜರಿಯಿಂದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂದರು. ಅದಕ್ಕೆ ಕ್ಲಚ್ಚೇ ಬೇಡ, ಗೇರ್ ತಾನೇ ಬದಲಿಸುತ್ತದೆ. ಮೂರರ ಮೇಲೆ ಓವರ್‌ಡ್ರೈವ್ ಎಂಬ ಇನ್ನೊಂದು ಗೇರಿದೆ. ಅದು ಬಿದ್ದರೆ ಓಟದಲ್ಲಿ ಗದ್ದಲ ತಗ್ಗಿ ಎಂಜಿನ್ನಿಗೆ ಆರಾಮ. ಆದರೆ ಹಳೆಯ ಮೂರು ಗೇರಿನ ಪೆಟ್ಟಿಗೆಗಿಂತ ಇದು ಉದ್ದ. ಚಾಸಿಯ ಅಡ್ಡಪಟ್ಟಿ ಹಿಂದೆ ಸರಿಸಬೇಕಾಯಿತು. ಎಂಜಿನ್ನಿಗೆ ಜೋಡಿಸಲು ದಪ್ಪ ಪ್ಲೇಟ್ ಕೊರೆಸಬೇಕಾಯಿತು. ಎಣ್ಣೆ ತಣ್ಣಗಾಗಲು ರೇಡಿಯೇಟರಿನ ಮುಂದೆ ಕೊಳವೆ ಕೂಡಿಸಬೇಕಾಯಿತು. ಭೀಮರಾಯನಗುಡಿ ನೀರಾವರಿ ಕ್ಯಾಂಪಿನ ಜೀಪುಗಳ ಕೆಳಗೆ ಮಲಗಿ ಕೆಲಸ ಕಲಿತ ಮಿಸ್ತ್ರಿಗೂ ಇದು ಮೊದಲ ಸಲ.

"ಬಿಚ್ಚಿ ನೋಡಿದೆ. ಒಳಗ ಬರೇ ಸಂದಿಗೊಂದಿ! ಎರಡು ಸರ್ತಿ ಜೋಡಿಸಿದೆ, ಎರಡು ಸರ್ತಿ ರಿವರ್ಸ್ ಒಂದೇ ಬಿತ್ತು. ಮೂರನೇ ಸರ್ತಿ ಸರಿ ಬಂತು, ಇಲ್ಲಂದ್ರ ಹಿಂದ್ ಹಿಂದೇ ಸಂತಿಗಿ ಹೋಗಬೇಕಾಗ್ತಿತ್ತು," ಎಂದು ನನ್ನ ಕಡೆ ನೋಡಿ ನಗುತ್ತಾರೆ.

ಮಧ್ಯಾಹ್ನ, ಬಸವಂತ್ರಾಯರು ಹೆಂಡತಿಯೊಡನೆ ಬರುವ ಹೊತ್ತಿಗೆ ಶಾಫ್ಟ್ ಕೂಡುತ್ತದೆ. ಮೊದಲು ಮಿಸ್ತ್ರಿಯೇ ಕುಳಿತು ಗಾಡಿ ಬಿಡುತ್ತಾರೆ. ಅಷ್ಟರಲ್ಲಿ ಹಳೆಯ ರೂಢಿಯ ಎಡಗಾಲು ಇಲ್ಲದ ಕ್ಲಚ್ ಹುಡುಕಿ ಬ್ರೇಕನ್ನೇ ತುಳಿಯುತ್ತದೆ. ಗಾಡಿ ಗಕ್ಕನೆ ನಿಂತು, ಮಿಸ್ತ್ರಿಯ ಹಣೆ ಸ್ಟೀರಿಂಗಿಗೆ ಬಡಿಯುತ್ತದೆ.

ಬಸವಂತ್ರಾಯರ ಹೆಂಡತಿ ಶಾಂತಾದೇವಿ ಸೆರಗು ಬಾಯಿಗೆ ಹಿಡಿದು ನಗುತ್ತಾರೆ: "ನಿಮಗ ಒಂದ್ ಕಾಲು ಜಾಸ್ತಿ ಆಗ್ಯಾದ್ರಿ ಮಿಸ್ತ್ರಿ!"

"ಇಳೀರಿ ಇಳೀರಿ," ಎನ್ನುತ್ತಾರೆ ಬಸವಂತ್ರಾಯರು. "ಇದು ನನ್ನಂಥವರ ಗಾಡಿ."

ಬಾಗದ ಕಾಲನ್ನು ಪಕ್ಕಕ್ಕೆ ಚಾಚಿ, ಬಲಗಾಲನ್ನು ಮೆಲ್ಲಗೆ ಒತ್ತುತ್ತಾರೆ. ಗಾಡಿ ಒಂದಿಷ್ಟೂ ಜಗ್ಗದೆ ಕಾಲುವೆ ರಸ್ತೆ ಹಿಡಿಯುತ್ತದೆ. ಮಿಸ್ತ್ರಿ ಹಣೆ ಉಜ್ಜುತ್ತ, ಕಿವಿಗೊಟ್ಟು ನಿಲ್ಲುತ್ತಾರೆ. ದೂರದಲ್ಲಿ ಎಂಜಿನ್ನಿನ ಗದ್ದಲ ತಟ್ಟನೆ ತಗ್ಗುತ್ತದೆ.

"ಓವರ್‌ಡ್ರೈವ್ ಬಿತ್ತು!"

ಸಾಕಲ್ಲ, ಇನ್ನೇನು ಆಸೆಯಿದೆ ಎಂದು ಮಿಸ್ತ್ರಿಯನ್ನು ಕೇಳುತ್ತೇನೆ.

"ನಾಳಿ ಸಂತಿಗಿ ನಾನೂ ಹೋಗ್ತೀನ್ರಿ. ಗಾಡಿ ಕೆಡ್ತದಂತ ಅಲ್ಲ. ಬಸವಂತ್ರಾಯಣ್ಣ ಡ್ರೈವರ್ ಬಾಗಿಲು ತಗದು ಇಳೀತಾರಲ್ಲ, ಆವಾಗ ಗುಜರಿಗಿ ಹಾಕು ಅಂದ ಮಂದಿ ಮಾರಿ ನೋಡಬೇಕ್ರಿ ನನಗ."