ನಾನೇ ಬಣ್ಣ ಬಳಿದು ಮುಚ್ಚಿದ ಐದು ಗೀಟು

ಕೋವಿಡ್ ಮುಗಿದ ಮರುವರ್ಷ ಕಾರಟಗಿ ಸಮೀಪದ ಬಯೋಗ್ಯಾಸ್ ಘಟಕವೊಂದರಲ್ಲಿ ಆಪರೇಟರ್ ಆಗಿ ಸೇರಿದೆ. ಓದಿದ್ದು ಏಳನೆಯ ತರಗತಿ. ಆದರೆ ಗಂಗಾವತಿಯ ರೈಸ್‌ಮಿಲ್ಲುಗಳಲ್ಲಿ ಇಪ್ಪತ್ತೆರಡು ವರ್ಷ ಭತ್ತ ಬೇಯಿಸುವ ಬಾಯ್ಲರ್ ನಡೆಸಿದವನು; ನನ್ನ ಕೈಯಲ್ಲಿ ಒಂದು ಲೋಡ್ ಭತ್ತವೂ ಕೆಟ್ಟಿಲ್ಲ. ಅಲ್ಲಿ ನಮ್ಮದೊಂದು ಪದ್ಧತಿ: ಉಗಿ ಬಿಟ್ಟ ಮೇಲೆ ತಾಸಿಗೊಂದು ಗೀಟು, ಸೀಮೆಸುಣ್ಣದಿಂದ, ಬಾಯ್ಲರಿನ ಮೈಮೇಲೆ. ಮೌಲಾಸಾಬ, ಅಂದರೆ ನಾನು, ಎಳೆದ ಗೀಟನ್ನು ಮಾಲೀಕರೂ ಪ್ರಶ್ನಿಸುತ್ತಿರಲಿಲ್ಲ.

ಸಗಣಿ, ಭತ್ತದ ಹುಲ್ಲು ಕೊಳೆತು ಬರುವ ಗ್ಯಾಸಿನಲ್ಲಿ ಉರಿಯುವ ಮೀಥೇನಿನ ಜೊತೆ ಉರಿಯದ ಕಾರ್ಬನ್ ಡೈಆಕ್ಸೈಡ್ ಬೆರೆತಿರುತ್ತದೆ. ಎರಡನ್ನೂ ಬೇರ್ಪಡಿಸಲು ಹೊಸ ಮಾಲು ತರಿಸಿದ್ದರು: ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಎಲ್ಲರ ಬಾಯಲ್ಲಿ ಎಂಒಎಫ್. ನೋಡಲು ಸಣ್ಣ ಗುಳಿಗೆ. ಒಳಗೆ ಲೋಹದ ಕಣಗಳನ್ನು ಇಂಗಾಲದ ಕೊಂಡಿಗಳಿಂದ ಜೋಡಿಸಿ ಕಟ್ಟಿದ, ಕಣ್ಣಿಗೆ ಕಾಣದ ಗೂಡುಗಳು. ಕಾಲಮ್ ಎಂಬ ಎತ್ತರದ ಕೊಳವೆಗೆ ಅದನ್ನು ತುಂಬಿ ಗ್ಯಾಸ್ ಹಾಯಿಸಿದರೆ ಡೈಆಕ್ಸೈಡ್ ಗೂಡಿನಲ್ಲಿ ಕೂರುತ್ತದೆ, ಮೀಥೇನ್ ಮುಂದೆ ಹೋಗುತ್ತದೆ. ಆದರೆ ಗಾಳಿಯ ತೇವ ಮೊದಲೇ ಗೂಡು ಹಿಡಿದಿದ್ದರೆ ಡೈಆಕ್ಸೈಡಿಗೆ ಜಾಗವಿಲ್ಲ. ಅದಕ್ಕೇ ಕಾಲಮ್ಮನ್ನು ಕಾಯಿಸುತ್ತ, ವ್ಯಾಕ್ಯೂಮ್ ಪಂಪಿನಿಂದ ಹನ್ನೆರಡು ತಾಸು ತೇವ ಎಳೆಯಬೇಕು.

ಇದನ್ನೆಲ್ಲ ಕಲಿಸಿದವರು ಕುಷ್ಟಗಿಯ ಇಂಜಿನಿಯರ್ ವಿನಾಯಕ ಸರ್. ನನ್ನ ಮಗನ ವಯಸ್ಸು. 'ಚಾಚಾ' ಅನ್ನುತ್ತಿದ್ದರು. ಶುಕ್ರವಾರದ ಊಟ ನಮ್ಮ ಮನೆಯಲ್ಲೇ.

ಕಂಪನಿಯ ದೊಡ್ಡವರು ಪರೀಕ್ಷೆ ನೋಡಲು ಬರಬೇಕಿದ್ದ ಹಿಂದಿನ ದಿನ. ಬೆಳಿಗ್ಗೆ ಆರಕ್ಕೆ ಹೀಟರ್ ಹಚ್ಚಿ, ಕಾಲಮ್ಮಿನ ತಗಡಿನ ಹೊದಿಕೆಯ ಮೇಲೆ ಗೀಟು ಎಳೆಯುತ್ತ ಬಂದೆ. ಹನ್ನೊಂದಕ್ಕೆ ಸರ್ ಓಡಿ ಬಂದರು.

"ಚಾಚಾ, ಹೀಟರ್ ಬಂದ್ ಮಾಡ್ರಿ. ಇವತ್ತ ಮೂರಕ್ಕ ಬರ್ತಾರಂತ, ಅಷ್ಟರಾಗ ಕಾಲಮ್ ತಣ್ಣಗಾಗಬೇಕು."

"ಐದ ತಾಸು ಆಗೇತ್ರಿ ಸರ. ಹಸಿ ಭತ್ತ ಮಿಲ್ಲಿಗೆ ಹಾಕಿದಂಗ ಆಕ್ಕೈತಿ ನೋಡ್ರಿ."

"ನಾ ಅದೀನಲ್ರಿ! ಭತ್ತ ಬಿಟ್ರ ನಿಮಗ ಬ್ಯಾರೆ ಮಾತ ಇಲ್ಲ," ಎಂದು ನಕ್ಕರು. "ಈ ಗೀಟು ಛಂದ ಕಾಣೂದಿಲ್ಲ. ತಗಡಿಗೆ ಒಂದ ಕೈ ಸಿಲ್ವರ್ ಬಣ್ಣ ಹೊಡೀರಿ. ನಿಮ್ಮಂಗ ಯಾರಿಗೂ ಬರೂದಿಲ್ಲ."

ಹೊಗಳಿಕೆಗೆ ಉಬ್ಬಿದೆ. ಐದೂ ಗೀಟನ್ನು ನನ್ನ ಕೈಯಾರೆ ಮುಚ್ಚಿದೆ.

ಮೂರಕ್ಕೆ ಗ್ಯಾಸ್ ಬಿಟ್ಟೆವು. ಮೀಟರಿನಲ್ಲಿ ಮೀಥೇನ್ ಏರಿತು. ಹತ್ತೇ ನಿಮಿಷದಲ್ಲಿ ಇಳಿಯಿತು. ಡೈಆಕ್ಸೈಡ್ ಸೋಸದೆ ಹೊರಗೆ ಬರುತ್ತಿತ್ತು. ಬಂದವರಲ್ಲಿ ಹಿರಿಯರಾದ ಮೇಡಂ ಎಷ್ಟು ಹೊತ್ತು ಒಣಗಿಸಿದ್ದೆಂದು ಕೇಳಿದರು. ಸರ್ ರಿಜಿಸ್ಟರ್ ಮುಂದೆ ತಳ್ಳಿದರು. ಅವರದೇ ಅಕ್ಷರ: ನಿನ್ನೆ ಸಂಜೆಯಿಂದ ಹನ್ನೆರಡು ತಾಸು.

"ನಡುವೆ ಆಪರೇಟರ್ ವಾಲ್ವ್ ತೆರೆದು ಹಸಿ ಗಾಳಿ ಒಳಗೆ ಬಿಟ್ಟಿರಬೇಕು ಮೇಡಂ. ಸಾಲಿ ಕಲಿತವರಲ್ಲ," ಎಂದರು. ನನ್ನ ಮುಖ ನೋಡಲಿಲ್ಲ.

"ಸುಳ್ಳ್ರೀ! ಐದ ತಾಸು. ಗೀಟು ಈ ಬಣ್ಣದ ಕೆಳಗ ಅದಾವ," ಎಂದೆ. ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಉಜ್ಜಿದೆ. ಬಣ್ಣ ಬಂತು, ಅದರ ಸಂಗಡ ಸೀಮೆಸುಣ್ಣವೂ ಬಂತು. ಬರೀ ತಗಡು ಹೊಳೆಯಿತು.

"ಇಲ್ಲೇನೂ ಇಲ್ಲವಲ್ಲ," ಎಂದರು ಮೇಡಂ, ಮೆತ್ತಗೆ.

ಆ ವಾರವೇ ನನ್ನನ್ನು ತೆಗೆದರು. ಶುಕ್ರವಾರ ಹೆಂಡತಿ ರೂಢಿಯಂತೆ ಒಂದು ತಾಟು ಹೆಚ್ಚಿಗೆ ಇಟ್ಟಳು. ನಾನೇ ಎತ್ತಿಟ್ಟೆ. ತಿಂಗಳಾದ ಮೇಲೆ ಘಟಕದ ವಾಚ್‌ಮನ್ ಸಂತೆಯಲ್ಲಿ ಸಿಕ್ಕು ಹೇಳಿದ: ಅದೇ ಮಾಲನ್ನು ಪೂರ್ತಿ ಹನ್ನೆರಡು ತಾಸು ಒಣಗಿಸಿದರಂತೆ, ಗ್ಯಾಸ್ ಛಲೋ ಬಂತಂತೆ. ನನಗೆ ಮಾತ್ರ ಯಾರೂ ಹೇಳಿ ಕಳಿಸಲಿಲ್ಲ.

ಈಗ ಮತ್ತೆ ಗಂಗಾವತಿಯ ಮಿಲ್ಲಿನಲ್ಲಿದ್ದೇನೆ. ಮಾಡಿದ ಕೆಲಸದ ಗುರುತು ಇನ್ನೊಬ್ಬರ ಕೈಗೆ ಅಳಿಯುವಂತೆ ಇರಬಾರದು, ನನ್ನ ಕೈಗೂ ಅಳಿಯುವಂತೆ ಇರಬಾರದು ಎಂಬುದನ್ನು ಆ ಕೆಲಸ ಕಲಿಸಿತು. ತಾಸಿಗೊಮ್ಮೆ ತಗಡಿನ ಪಟ್ಟಿಗೆ ಉಳಿಯಿಂದ ಒಂದು ಏಟು ಹಾಕುತ್ತೇನೆ.

"ಸೀಮೆಸುಣ್ಣ ಸಾಕಾಗಂಗಿಲ್ಲೇನ ಮೌಲಾಸಾಬ?" ಎಂದು ಮಾಲೀಕರು ನಗುತ್ತಾರೆ.

"ಸಾಕಾಗಲಿಲ್ರಿ," ಅನ್ನುತ್ತೇನೆ.