ಮಹೋನಿಯದ ಐದು ತೆನೆಗಳು

ಮನುಷ್ಯನಿಗೆ ಪ್ರಕೃತಿಯ ಮೇಲಿರುವ ಪ್ರೇಮ ನಿಷ್ಕಾಮವಾದದ್ದು, ನಿಷ್ಕಳಂಕವಾದದ್ದು. ನಾನು ಗಿಡ ನೆಟ್ಟದ್ದು ಮಾತ್ರ ಹೆಂಡತಿಯ ದೂರು ತಾಳಲಾರದೆ.

ತೊಂಬತ್ತರ ದಶಕದ ಕೊನೆ. ಮೈಸೂರಿನಿಂದ ವಿಲಾಯಿತಿಯ ಗ್ರೀನ್‌ಫರ್ಡಿಗೆ ಬಂದ ನಮಗದು ಎರಡನೆಯ ಚಳಿಗಾಲ. ಹಿತ್ತಿಲಿನಲ್ಲಿ ಒಂದು ಹೂವಿಲ್ಲ, ಒಂದು ರೆಕ್ಕೆಯ ಸದ್ದಿಲ್ಲ ಎಂಬುದು ಸರೋಜಳ ಕೊರಗು. ಊರಿನ ಮನೆಯ ದಾಸವಾಳಕ್ಕೆ ಜೋತುಬೀಳುತ್ತಿದ್ದ ಸೂರಕ್ಕಿಯನ್ನು ನಾವು, ನಮ್ಮ ಬೀದಿಯವರೆಲ್ಲರಂತೆ, ಹಮ್ಮಿಂಗ್ ಬರ್ಡ್ ಎಂದೇ ಗೌರವಿಸುತ್ತಿದ್ದೆವು. ಹೀಗಿರಲು ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ತೋಟಗಾರಿಕೆಯ ಗ್ರಂಥವೊಂದು, ಮಹೋನಿಯವೆಂಬ ಗಿಡ ಹಿಮಕ್ಕೂ ಜಗ್ಗದೆ ನಡುಚಳಿಯಲ್ಲಿ ಹೂಬಿಟ್ಟು ಹಮ್ಮಿಂಗ್ ಬರ್ಡುಗಳನ್ನು ಸೆಳೆಯುತ್ತದೆ ಎಂದು ಸಾರಿದಾಗ, ಅದು ಯಾವ ಖಂಡದಲ್ಲಿ ಅಚ್ಚಾದದ್ದೆಂದು ನಾನೇಕೆ ನೋಡಲಿ, ನೀವೇ ಹೇಳಿ. ಹಕ್ಕಿ ಬಂದೇ ಬರುತ್ತದೆಂದು ಸರೋಜಳಿಗೆ ಮಾತು ಕೊಟ್ಟೆ.

ಮುಳ್ಳಂಚಿನ ಎಲೆಗಳ ಆ ಗಿಡ ಮರುವರ್ಷ ಡಿಸೆಂಬರಿನಲ್ಲಿ ಐದು ಹಳದಿ ಹೂವಿನ ತೆನೆ ಬಿಟ್ಟಿತು. ಮುಂಜಾನೆ ಬೀದಿಯ ಕಾಂಪೌಂಡುಗಳಿಂದಾಚೆ ಬಾಗಿದ ಹೂವನ್ನೆಲ್ಲ ದೇವರ ಹೆಸರಿನಲ್ಲಿ ಬಿಡಿಸಿಕೊಳ್ಳುವವರ ನಡುವೆ ಬೆಳೆದ ಸರೋಜ ಬುಟ್ಟಿ ಹಿಡಿದು ಹೊರಟಳು.

"ಕೀಳ್ಬೇಡ ಕಣೇ, ಹಕ್ಕಿ ಬರ್ಲಿ."

"ದೇವರಿಗೆ ಬರೀ ಅಕ್ಷತೆ, ಹಕ್ಕಿಗೆ ಹೂವು! ಪಾಪ ಏನಿದ್ರೂ ನಿಮಗೇ ಇರ್ಲಿ. ಸಂಕ್ರಾಂತಿವರೆಗೆ ಕಾಯ್ತೀನಿ, ಆಮೇಲೆ ಒಂದೂ ಬಿಡಲ್ಲ."

ಪ್ರತಿ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವಳು ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಸಂಕ್ರಾಂತಿಯ ಹಿಂದಿನ ದಿನ, ಪಕ್ಕದ ಮನೆಯ ವೃದ್ಧೆ ಮಾರ್ಗರೆಟ್, ಆ ಹಕ್ಕಿ ಅಮೆರಿಕ ಬಿಟ್ಟು ಬರುವುದಿಲ್ಲವೆಂದು ಬೇಲಿಯ ಮೇಲಿಂದ ಸಾಂತ್ವನದ ದನಿಯಲ್ಲಿ ತಿಳಿಸಿದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು, ನಿಮ್ಮ ದೇಶದಲ್ಲೂ ಅದು ಇಲ್ಲ ಎಂದು ಸೇರಿಸಿದರು.

ಹಬ್ಬದ ಬೆಳಿಗ್ಗೆ, ರಾಜೀನಾಮೆ ಸಲ್ಲಿಸುವ ಮಂತ್ರಿಯ ಗಾಂಭೀರ್ಯದಿಂದ ಎಲ್ಲವನ್ನೂ ಒಪ್ಪಿಕೊಂಡೆ. ಸರೋಜ ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ.

"ಶ್! ಅಲ್ಲಿ ನೋಡಿ."

ಉಣ್ಣೆಯ ಕೋಟು ತೊಟ್ಟಂತಿದ್ದ ದಪ್ಪ ದುಂಬಿಯೊಂದು ಹೂವಿನಿಂದ ಹೂವಿಗೆ ಏದುಸಿರು ಬಿಡುವವರಂತೆ ತೆವಳುತ್ತಿತ್ತು.

"ಒಂದು ವಾರದಿಂದ ಬರ್ತಿದೆ ರೀ. ಇಂಥಾ ಚಳೀಲಿ ಅದಕ್ಕೆ ಇನ್ನೆಲ್ಲಿ ಊಟ ಸಿಗುತ್ತೆ?"

"ಮತ್ತೆ ಹಕ್ಕಿ?"

"ನಿಮ್ಮ ಹಕ್ಕಿ ಬರಲ್ಲ ಅಂತ ನಂಗೆ ಯಾವಾಗ್ಲೋ ಗೊತ್ತಾಯ್ತು. ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

ಕತ್ತರಿ ಹಿಡಿದು ಹೊರಗೆ ಹೋದಳು; ದುಂಬಿ ಆಚೆಯ ತೆನೆಗೆ ಹೋಗುವತನಕ ಚಳಿಯಲ್ಲೇ ಕಾದಳು.

ಆ ಸಂಕ್ರಾಂತಿಗೆ ದೇವರಿಗೆ ಒಂದು ತೆನೆ ಸಂದಿತು, ದುಂಬಿಗೆ ನಾಲ್ಕು.